ಎರವಲು ಕಾರು

ತಾಳಿಕೋಟೆಯು ತನ್ನ ಹೆಸರನ್ನೇ ಎರವಲು ಕೊಟ್ಟ ಊರು. 1565ನೆಯ ಇಸವಿ ಜನವರಿ 23ರಂದು ವಿಜಯನಗರದ ವೈಭವವನ್ನು ಮುಳುಗಿಸಿದ ಕಾಳಗವು ಈ ಊರಿನ ಓಣಿಗಳಲ್ಲಿ ನಡೆಯಲಿಲ್ಲ. ಇಲ್ಲಿಂದ ದೂರ ದಕ್ಷಿಣಕ್ಕೆ, ಕೃಷ್ಣೆಯ ಆಸುಪಾಸಿನಲ್ಲಿ ನಡೆಯಿತು. ಕಾಳಗಕ್ಕೆ ಮುನ್ನ ದಖ್ಖನಿನ ಸುಲ್ತಾನರ ಸೈನ್ಯಗಳು ಇಲ್ಲಿ ಬೀಡುಬಿಟ್ಟಿದ್ದುವು, ಅಷ್ಟೇ. ಬಿಡಾರಕ್ಕೆ ಜಾಗ ಕೊಟ್ಟ ಊರಿಗೆ ಬಾಡಿಗೆಯ ಬದಲು ಯುದ್ಧದ ಹೆಸರು ಬಂದು ಅಂಟಿಕೊಂಡಿತು. ನಾಲ್ಕೂವರೆ ಶತಮಾನ ಕಳೆದ ಮೇಲೆಯೂ ಶಾಲೆಯ ಮಕ್ಕಳು "ತಾಳಿಕೋಟೆ ಕದನ" ಎಂದೇ ಉರುಹಾಕುತ್ತಾರೆ.

ಈ ಊರಿನಲ್ಲಿ ಮೂವತ್ತು ವರ್ಷ ಇತಿಹಾಸ ಕಲಿಸಿ ನಿವೃತ್ತರಾದ ಮಾಸ್ತರರೊಬ್ಬರು ಈ ಸಂಗತಿಯನ್ನು ಪ್ರತಿ ವರ್ಷವೂ ತರಗತಿಯಲ್ಲಿ ಹೇಳಿ ಮಕ್ಕಳನ್ನು ನಗಿಸುತ್ತಿದ್ದರು. "ಏನರೇ ಕೊಡೂಕಿಂತ ಮೊದಲು, ಅದು ಎಲ್ಲಿಗೆ ಹೋಗ್ತದ, ಯಾಕ ಹೋಗ್ತದ ಅಂತ ಕೇಳಬೇಕ್ರೋ" ಎಂಬುದು ಅವರ ಪಾಠದ ಕೊನೆಯ ವಾಕ್ಯ. ಆ ಪಾಠವನ್ನು ತಾವೇ ಕಲಿತಿರಲಿಲ್ಲವೆಂಬುದು ಅವರಿಗೆ ತಿಳಿದದ್ದು ನಿವೃತ್ತಿಯ ತರುವಾಯ, ಒಂದು ಮಳೆಗಾಲದ ರಾತ್ರಿ, ಕಾರಿನ ಕೀಲಿಕೈ ಕೈಬಿಟ್ಟು ಹೋದ ಮೇಲೆ.

ಡೋಣಿ ನದಿಯ ಎರೆಭೂಮಿಯಲ್ಲಿ ಬದುಕಿದವರಿಗೆ ಎರವಲು ಎಂಬುದು ಸಂಕೋಚದ ವಿಷಯವಲ್ಲ, ಬಾಳಿನ ಕ್ರಮ. ಮಳೆ ಬಿದ್ದು ಹದ ಬಂದಾಗ ಒಬ್ಬನ ಕೂರಿಗೆ, ಇನ್ನೊಬ್ಬನ ಎತ್ತು, ಮತ್ತೊಬ್ಬನ ಆಳು ಸೇರಿದರೇ ಬಿತ್ತನೆ. ಮದುವೆಯ ಮನೆಗೆ ಓಣಿಯ ಹಂಡೆ ಕೊಪ್ಪರಿಗೆಗಳೆಲ್ಲ ಬರುತ್ತಿದ್ದುವು. ಕನ್ಯೆ ನೋಡಲು ಬಂದ ದಿನ ಹುಡುಗಿಯ ಕೊರಳಲ್ಲಿ ಹೊಳೆದ ಸರ ನೆರೆಮನೆಯದೆಂದು ಬೀಗರಿಗೂ ಗೊತ್ತಿರುತ್ತಿತ್ತು. ಕೊಟ್ಟ ವಸ್ತು ಹಿಂದಿರುಗುತ್ತಿತ್ತು. ಕೂರಿಗೆಯ ತಾಳು ಮುರಿದಿದ್ದರೆ ಬಡಿಗನ ಕೈಯಲ್ಲಿ ಸರಿಮಾಡಿಸಿಕೊಂಡೇ ಬರುತ್ತಿತ್ತು. ಎರವಲಿನ ನಷ್ಟಕ್ಕೆ ಒಂದು ಮಿತಿಯಿತ್ತು. ಹಂಡೆ ನೆಗ್ಗಬಹುದು, ಸರ ಕಳೆಯಬಹುದು. ಹಂಡೆಯನ್ನು ಎರವಲು ತಂದವನು ಹಂಡೆಯಿಂದಾಗಿ ಮನೆಗೆ ಬಾರದೆ ಹೋದನೆಂಬುದು ಎಲ್ಲಿಯೂ ಇರಲಿಲ್ಲ.

ಆ ಮಿತಿಯನ್ನು ಮುರಿದದ್ದು ಎಂಜಿನ್ನು. ಮೋಟಾರು ಸೈಕಲ್ಲು, ಕಾರುಗಳು ಮನೆಮನೆಗೆ ಬಂದುವು. ಎರವಲಿನ ಪದ್ಧತಿ ಮಾತ್ರ ಕೂರಿಗೆಯ ಕಾಲದಲ್ಲಿಯೇ ನಿಂತಿತು. "ಮಾಸ್ತರ, ಗಾಡಿ ಖಾಲಿ ಐತೇನ್ರಿ?" ಎಂದು ಕೇಳುವ ದನಿಯಲ್ಲಿ ಇಂದಿಗೂ ಒಂದು ಸೇರು ಮೊಸರು ಕೇಳುವ ಸಲಿಗೆಯೇ ಇದೆ.

ಮಾಸ್ತರರ ಕಾರು ಸಣ್ಣದು. ಪುಣೆಯಲ್ಲಿ ನೌಕರಿಯಲ್ಲಿರುವ ಮಗ ಕೊಡಿಸಿದ್ದು. ತಂದೆಯ ಹೆಸರಿನಲ್ಲಿಯೇ ನೋಂದಣಿ ಮಾಡಿಸಿದ್ದ. ವಾರಕ್ಕೊಮ್ಮೆ ಮಠಕ್ಕೆ, ತಿಂಗಳಿಗೊಮ್ಮೆ ಮುದ್ದೇಬಿಹಾಳಕ್ಕೆ ಹೋಗಿ ಬಂದು ಉಳಿದಂತೆ ಬೇವಿನ ಮರದ ಕೆಳಗೆ ಎಲೆಯುದುರಿಸಿಕೊಂಡು ನಿಂತಿರುತ್ತಿತ್ತು. ಆ ರಾತ್ರಿ ಹನ್ನೊಂದು ಗಂಟೆಗೆ ಬಾಗಿಲು ತಟ್ಟಿದವನು ಎದುರು ಮನೆಯ ಹುಡುಗ. ಅವನ ಹೆಂಡತಿಗೆ ದಿನ ತುಂಬುವ ಮೊದಲೇ ನೋವು ಕಾಣಿಸಿತ್ತು. ವಿಜಯಪುರಕ್ಕೆ ಕರೆದೊಯ್ಯಿರೆಂದು ವೈದ್ಯರು ಹೇಳಿದ್ದರು. ಕರೆದ ವಾಹನ ಇನ್ನೂ ಬಂದಿರಲಿಲ್ಲ. ಅಂಥ ಹೊತ್ತಿನಲ್ಲಿ ಕಾಗದ ಕೇಳುವವರು ಯಾರು? ಮಾಸ್ತರರು ಕೀಲಿಕೈ ಕೊಟ್ಟರು, ಟಾರ್ಚು ಕೊಟ್ಟರು, ಹಾದಿಗಿರಲೆಂದು ಐದು ನೂರರ ಎರಡು ನೋಟು ಕೊಟ್ಟರು. ಹುಡುಗ, ಹೆಂಡತಿ, ಅತ್ತೆ, ನಾದಿನಿ — ನಾಲ್ವರನ್ನು ತುಂಬಿಕೊಂಡು ಕಾರು ಮಳೆಯಲ್ಲಿ ಮರೆಯಾಯಿತು.

ಒಳಗೆ ಬಂದು ಕಂಬಳಿ ಹೊದ್ದುಕೊಂಡಾಗ ಅವರ ಪತ್ನಿ ಕೇಳಿದ್ದು ಒಂದೇ ಪ್ರಶ್ನೆ: "ಡೋಣಿ ಸೇತುವೆ ಮ್ಯಾಲೆ ನೀರು ಬಂದಿಲ್ಲಲ್ಲಾ?"

ಆ ಪ್ರಶ್ನೆಯೊಡನೆ ನಿದ್ದೆ ಹಾರಿತು. ಮಳೆಗಾಲದ ಡೋಣಿಯನ್ನು ತಾಳಿಕೋಟೆಯವರು ನಂಬುವುದಿಲ್ಲ. ಹುಡುಗನಿಗೆ ಕಾರು ನಡೆಸಿ ಅಭ್ಯಾಸವುಂಟೇ? ಉಂಟು, ಯಾರದೋ ಟೆಂಪೋ ನಡೆಸಿದ್ದನ್ನು ನೋಡಿದ ನೆನಪು. ಲೈಸೆನ್ಸು ಉಂಟೇ? ಗೊತ್ತಿಲ್ಲ. ಮಾಸ್ತರರು ಎದ್ದು ಟ್ರಂಕನ್ನು ತೆರೆದರು. ಪಿಂಚಣಿಯ ಕಾಗದ, ಮಗನ ಜಾತಕ, ಮನೆಯ ಉತಾರ, ಎಲ್ಲಕ್ಕೂ ಕೆಳಗೆ ವಿಮೆಯ ಪಾಲಿಸಿ. ಮೂರು ವರ್ಷದಿಂದ ಹಣ ಕಟ್ಟಿದ್ದರೂ ಅದನ್ನು ಓದಿದ್ದು ಇದೇ ಮೊದಲು. ಉತ್ತರಪತ್ರಿಕೆ ತಿದ್ದುವ ಕನ್ನಡಕ ಹಾಕಿಕೊಂಡು, ಬೆರಳಿಟ್ಟು, ಸಾಲುಸಾಲಾಗಿ ಓದಿದರು.

ವಾಹನ ವಿಮೆ ಎಂದರೆ ಒಂದೇ ಕೊಡೆ, ಅದರ ಕೆಳಗೆ ಎಲ್ಲರಿಗೂ ನೆರಳು ಎಂದು ತಿಳಿದವರೇ ಹೆಚ್ಚು. ನಿಜದಲ್ಲಿ ಅದು ಬೇರೆ ಬೇರೆ ಕೊಡೆಗಳ ಕಟ್ಟು. ಯಾವುದಕ್ಕೆ ಹಣ ಕಟ್ಟಿದೆಯೋ ಅದಷ್ಟೇ ಬಿಚ್ಚಿಕೊಳ್ಳುತ್ತದೆ.

ಮೊದಲನೆಯ ಕೊಡೆ ರಸ್ತೆಯ ಮೇಲಿನ ಅಪರಿಚಿತನದು. 1939ರ ಮೋಟಾರು ವಾಹನ ಕಾಯಿದೆಯು ಇದನ್ನು ವಿಧಿಸಿತು. ಅದರ ವಿಮಾ ಅಧ್ಯಾಯ ಜಾರಿಗೆ ಬಂದದ್ದು 1946ರ ಜುಲೈ 1ರಂದು. ಇಂದು ಅದೇ ಕಟ್ಟಳೆ 1988ರ ಕಾಯಿದೆಯ 146ನೆಯ ವಿಧಿಯಲ್ಲಿದೆ. ಕಾರು ಹಾದಿಹೋಕನಿಗೆ ಬಡಿದರೆ ಅವನಿಗಾಗಲಿ ಅವನ ಮನೆಯವರಿಗಾಗಲಿ ಪರಿಹಾರ ಸಿಗಲೇಬೇಕು. ಅದಕ್ಕಾಗಿ ಪ್ರತಿಯೊಂದು ವಾಹನವೂ "ಮೂರನೆಯ ವ್ಯಕ್ತಿ"ಯ ವಿಮೆ ಹೊಂದಿರಲೇಬೇಕು. ಇಲ್ಲಿ ನಡೆಸಿದವನು ಯಜಮಾನನೇ ಆಗಿರಬೇಕೆಂದಿಲ್ಲ. ಯಜಮಾನನ ಒಪ್ಪಿಗೆಯಿದ್ದು, ಕೈಯಲ್ಲಿ ಚಾಲ್ತಿಯಲ್ಲಿರುವ ಲೈಸೆನ್ಸು ಇದ್ದರೆ ನೆರೆಮನೆಯವನು ನಡೆಸಿದರೂ ಕೊಡೆ ಬಿಚ್ಚಿಕೊಳ್ಳುತ್ತದೆ. ವಿಮೆ ವಾಹನದ ಬೆನ್ನಿಗಿರುತ್ತದೆ, ಚಾಲಕನ ಹೆಸರಿಗಲ್ಲ. ಇಷ್ಟರ ಮಟ್ಟಿಗೆ ಕಾನೂನು ತಾಳಿಕೋಟೆಯ ಎರವಲು ಧರ್ಮವನ್ನು ಒಪ್ಪಿಕೊಂಡಿದೆ.

ಎರಡನೆಯ ಕೊಡೆ ಕಾರಿನದೇ. ಸಮಗ್ರ ವಿಮೆಯಿದ್ದರೆ ನೆಗ್ಗಿದ ಬಾಗಿಲು, ಒಡೆದ ಗಾಜುಗಳ ಖರ್ಚು ಸಿಗುತ್ತದೆ, ಸ್ನೇಹಿತನು ನಡೆಸುತ್ತಿದ್ದರೂ ಸಿಗುತ್ತದೆ. ಆದರೆ ಪರಿಹಾರ ಕೇಳದ ವರ್ಷಗಳಿಗಾಗಿ ಕಂಪನಿಯು ಕೊಡುವ ರಿಯಾಯತಿ — ಮೊದಲ ವರ್ಷಕ್ಕೆ ಶೇಕಡಾ 20ರಿಂದ ಏರುತ್ತ ಐದು ವರ್ಷಕ್ಕೆ ಶೇಕಡಾ 50ನ್ನು ಮುಟ್ಟುವಂಥದು — ಯಜಮಾನನ ಲೆಕ್ಕದಿಂದ ಹೊರಟುಹೋಗುತ್ತದೆ. ಐದು ವರ್ಷ ಜೋಪಾನ ಮಾಡಿದವನ ಪುಣ್ಯವನ್ನು ಒಂದು ಸಂಜೆ ಎರವಲು ಒಯ್ದವನು ಕರಗಿಸಬಲ್ಲನು. ಕೂರಿಗೆಯ ನ್ಯಾಯದಂತೆ ಈ ನಷ್ಟವನ್ನು ಅವನೇ ತುಂಬಿಕೊಡಬೇಕು. ಎಷ್ಟೋ ಮಂದಿಗೆ ಇಂಥದೊಂದು ನಷ್ಟವಿದೆಯೆಂಬುದೇ ತಿಳಿಯದು.

ಮೂರನೆಯದು ಒಳಗೆ ಕುಳಿತವರ ಕೊಡೆ. ಕಾನೂನು ಕಡ್ಡಾಯ ಮಾಡಿದಷ್ಟನ್ನೇ ಕೊಂಡ ಅಗ್ಗದ ಪಾಲಿಸಿಯಲ್ಲಿ ಖಾಸಗಿ ಕಾರಿನೊಳಗೆ ಉಚಿತವಾಗಿ ಕುಳಿತು ಬಂದವರಿಗೆ ರಕ್ಷೆಯಿಲ್ಲ. ಸಮಗ್ರ ಪಾಲಿಸಿಯಲ್ಲಿ ಉಂಟು. ಈ ವ್ಯತ್ಯಾಸವನ್ನು ಸರ್ವೋಚ್ಚ ನ್ಯಾಯಾಲಯವು 2012ರಲ್ಲಿ ಸ್ಪಷ್ಟಪಡಿಸಿತು. ಮಾಸ್ತರರ ಬೆರಳು ಇಲ್ಲಿ ನಿಂತುಬಿಟ್ಟಿತು. ಕಾರು ಮನೆಯ ಮುಂದೆ ನಿಂತೇ ಇರುವುದಲ್ಲ, ದೊಡ್ಡ ವಿಮೆ ಏಕೆಂದು ಹೋದ ವರ್ಷ ಅವರೇ ಅಗ್ಗದ್ದನ್ನು ಆರಿಸಿದ್ದರು. ಟ್ರಂಕಿನೊಳಗಿನ ಕಾಗದಕ್ಕೆ ಕಾಣುತ್ತಿದ್ದುದು ಕಾರಿನ ಹೊರಗಿನ ಲೋಕ ಮಾತ್ರ. ಒಳಗಿದ್ದ ಗರ್ಭಿಣಿ, ಅತ್ತೆ, ನಾದಿನಿ ಮೂವರೂ ಅದರ ಪಾಲಿಗೆ ಇಲ್ಲದವರು.

ಇನ್ನು ಚಕ್ರ ಹಿಡಿದವನ ಗತಿಯೇನು? ಕಾಗದದಲ್ಲಿ "ಯಜಮಾನ-ಚಾಲಕ"ನ ಅಪಘಾತ ವಿಮೆಯೆಂದು 15 ಲಕ್ಷ ರೂಪಾಯಿಯ ಮೊತ್ತ ಬರೆದಿತ್ತು. ಮಾಸ್ತರರ ಮುಖ ಅರಳಿತು. ಮುಂದಿನ ಸಾಲನ್ನು ಓದಿದರು: ಚಾಲಕನು ವಾಹನದ ನೋಂದಾಯಿತ ಯಜಮಾನನಾಗಿರಬೇಕು, ಪಾಲಿಸಿಯಲ್ಲಿ ಹೆಸರುಳ್ಳವನಾಗಿರಬೇಕು. ಹಾಗಾದರೆ ಆ 15 ಲಕ್ಷ ಮನೆಯಲ್ಲಿ ಕಂಬಳಿ ಹೊದ್ದು ಕುಳಿತ ಮುದುಕನದು. ಮಳೆಯಲ್ಲಿ ಚಕ್ರ ಹಿಡಿದ ಹುಡುಗನದಲ್ಲ.

ಬೆಳಗಿನ ಆರು ಗಂಟೆಗೆ ಫೋನು ಬಂದಿತು. ಗಂಡು ಮಗು, ತಾಯಿ ಮಗು ಕ್ಷೇಮ. ಮಾಸ್ತರರು ಮೊದಲು ಕೇಳಿದ್ದು, "ನೀ ಹ್ಯಾಂಗಿದೀಯೋ?" ಎಂದು. ಹುಡುಗನಿಗೆ ಅದು ವಿಚಿತ್ರವೆನಿಸಿರಬೇಕು.

ಆ ಭಾನುವಾರ ಮುದ್ದೇಬಿಹಾಳದಲ್ಲಿ ವಕೀಲಿ ಮಾಡುವ ಹಳೆಯ ಶಿಷ್ಯರೊಬ್ಬರು ಮನೆಗೆ ಬಂದಾಗ ಮಾಸ್ತರರು ಪಾಲಿಸಿಯನ್ನು ಅವರ ಮುಂದಿಟ್ಟರು. ಶಿಷ್ಯರು ನಕ್ಕು, ಬಳಿಕ ನಗುವನ್ನು ನಿಲ್ಲಿಸಿ, ಕೃಷ್ಣೆಯ ಆಚೆ ದಂಡೆಯ ಇಳಕಲ್ಲಿನ ಕಥೆಯನ್ನು ಹೇಳಿದರು. ಕಾನೂನಿನ ಪುಸ್ತಕಗಳಲ್ಲಿ ದೇಶವೆಲ್ಲ ಓದುವ ಕಥೆ ಅದು.

ಒಬ್ಬಾತನು ಇಳಕಲ್ಲಿನಿಂದ ತನ್ನೂರು ಗುಡೂರಿಗೆ ಹೋಗಲೆಂದು ಪರಿಚಿತನ ಮೋಟಾರು ಸೈಕಲ್ಲನ್ನು ಎರವಲು ಪಡೆದನು. ಇಳಕಲ್ಲು-ಕುಷ್ಟಗಿ ಹೆದ್ದಾರಿಯಲ್ಲಿ ಮುಂದೆ ಕಬ್ಬಿಣದ ತಗಡು ಹೇರಿಕೊಂಡು ಎತ್ತಿನ ಗಾಡಿಯೊಂದು ಹೋಗುತ್ತಿತ್ತು. ಗಾಡಿ ಒಮ್ಮೆಲೆ ನಿಂತಿತು. ಸೈಕಲ್ಲು ಹೋಗಿ ಅದಕ್ಕೆ ಬಡಿಯಿತು. ಆಸ್ಪತ್ರೆಯ ಹಾದಿಯಲ್ಲಿಯೇ ಆತನ ಪ್ರಾಣ ಹೋಯಿತು. ವಾಹನಕ್ಕೆ ವಿಮೆ ಇತ್ತು. ಮನೆಯವರು ಪರಿಹಾರ ಕೇಳಿದರು. ನ್ಯಾಯಮಂಡಲಿ ಕೊಟ್ಟಿತು, ಉಚ್ಚ ನ್ಯಾಯಾಲಯ ಅದನ್ನು ತೆಗೆದುಹಾಕಿತು. ತಪ್ಪು ಯಾರದೆಂದು ಸಾಧಿಸದೆಯೇ ಪರಿಹಾರ ಕೇಳಬಹುದಾಗಿದ್ದ 163ಎ ವಿಧಿಯ ಆಸರೆ ಈ ಮನೆಯವರಿಗಿಲ್ಲವೆಂದು 2009ರ ಮೇ ತಿಂಗಳಲ್ಲಿ ಸರ್ವೋಚ್ಚ ನ್ಯಾಯಾಲಯವೂ ಹೇಳಿತು. ತಪ್ಪನ್ನು ತೋರಿಸಿ ಕೇಳುವ 166ನೆಯ ವಿಧಿಯಂತೆ ಅವರಿಗೆ ಏನಾದರೂ ಸಲ್ಲುವುದೇ ಎಂದು ಪರಿಶೀಲಿಸಲು ಮೊಕದ್ದಮೆಯನ್ನು ಮರಳಿ ಉಚ್ಚ ನ್ಯಾಯಾಲಯಕ್ಕೆ ಕಳುಹಿಸಿತು.

ಕಾರಣವೇನೆಂದರೆ, ವಾಹನವನ್ನು ಎರವಲು ಪಡೆದವನು ಯಜಮಾನನ ಪಾದರಕ್ಷೆಯಲ್ಲಿ ಕಾಲಿಟ್ಟವನಾಗುತ್ತಾನೆ. ಯಜಮಾನನು ತನ್ನ ವಾಹನದಿಂದ ತನಗಾದ ಹಾನಿಗೆ ತನ್ನನ್ನೇ ಹೊಣೆ ಮಾಡಿ ಪರಿಹಾರ ಬೇಡಲಾರನು. ಅವನ ಪಾದರಕ್ಷೆ ಮೆಟ್ಟಿದವನೂ ಬೇಡಲಾರನು. ಭರತನು ಅಣ್ಣನ ಪಾದುಕೆಗಳನ್ನು ತಲೆಯ ಮೇಲೆ ಹೊತ್ತನು, ಸಿಂಹಾಸನದ ಮೇಲಿರಿಸಿದನು, ಮೆಟ್ಟಲಿಲ್ಲ. ಮೆಟ್ಟುವುದರಲ್ಲಿ ಏನೇನು ಅಡಗಿದೆಯೆಂಬುದನ್ನು ಅವನು ಅರಿತಿದ್ದನೆಂದು ಮಾಸ್ತರರು ಹೇಳಿದಾಗ ಶಿಷ್ಯರಿಗೆ ಹಳೆಯ ತರಗತಿ ನೆನಪಾಯಿತು.

ಅಲ್ಲಿಗೆ ಮುಗಿಯಲಿಲ್ಲ. 2014ರ ಜೂನ್ 18ರಂದು ಮಲ್ಲಸಂದ್ರದಿಂದ ಅರಸೀಕೆರೆಗೆ ಮನೆಯವರೊಡನೆ ಕಾರು ನಡೆಸಿ ಹೊರಟ ಒಬ್ಬರು ಕಾರು ಉರುಳಿ ತೀರಿಕೊಂಡರು. ಆ ಕಾರೂ ಎರವಲಿನದೇ. ಮನೆಯವರು 80 ಲಕ್ಷ ರೂಪಾಯಿ ಕೇಳಿದ್ದರು. ಅಪಘಾತವು ನಡೆಸಿದವರ ಅಜಾಗರೂಕತೆಯಿಂದಲೇ ಆಯಿತು, ತನ್ನ ತಪ್ಪಿಗೆ ತಾನೇ ಪರಿಹಾರ ಪಡೆಯಲಾಗದು ಎಂದು ಕರ್ನಾಟಕದ ಉಚ್ಚ ನ್ಯಾಯಾಲಯ 2024ರಲ್ಲಿ ಹೇಳಿತು. 2025ರ ಜುಲೈಯಲ್ಲಿ ಸರ್ವೋಚ್ಚ ನ್ಯಾಯಾಲಯವು ಅದರಲ್ಲಿ ಕೈಹಾಕಲು ಒಪ್ಪಲಿಲ್ಲ.

"ಹಂಗಾರ ಪಗಾರ ಕೊಟ್ಟು ಡ್ರೈವರ್ ಇಟ್ಕೊಂಡ್ರ?" ಎಂದು ಬಾಗಿಲ ಮರೆಯಿಂದ ಮಾಸ್ತರರ ಪತ್ನಿ ಕೇಳಿದರು. ವಕೀಲರು ತಲೆದೂಗಿದರು. ಸಂಬಳದ ಚಾಲಕನಿಗೆ ಕೆಲಸದಲ್ಲಿರುವಾಗ ಅಪಾಯವಾದರೆ ನೌಕರರ ಪರಿಹಾರದ ಕಾನೂನಿನಂತೆ ಸಲ್ಲತಕ್ಕ ಹಣಕ್ಕೆ ಕಡ್ಡಾಯದ ಪಾಲಿಸಿಯಲ್ಲಿಯೇ ರಕ್ಷೆಯುಂಟು. ಕಾಸಿಗೆ ಬಂದವನಿಗೆ ಇರುವ ಆಸರೆ ಸ್ನೇಹಕ್ಕೆ ಬಂದವನಿಗಿಲ್ಲ! ಇದನ್ನು ಕೇಳಿ ಆ ತಾಯಿ ಬಹಳ ಹೊತ್ತು ಮಾತನಾಡಲಿಲ್ಲ.

ಇದರಲ್ಲಿ ಕಾನೂನಿನ ಕ್ರೌರ್ಯವನ್ನು ಕಾಣುವುದು ಸುಲಭ. ಆದರೆ ಅದರ ತರ್ಕ ಬೇರೆ. ಕಡ್ಡಾಯದ ವಿಮೆ ಹುಟ್ಟಿದ್ದು ವಾಹನವಿಲ್ಲದವನನ್ನು ವಾಹನವುಳ್ಳವನಿಂದ ಕಾಪಾಡಲು. ಹೊರಗಿನವನು ವಾಹನವನ್ನು ಆರಿಸಿದವನಲ್ಲ, ಚಾಲಕನನ್ನು ನಂಬಿದವನೂ ಅಲ್ಲ. ಅವನಿಗೆ ಆಯ್ಕೆಯೇ ಇರಲಿಲ್ಲ. ಆದುದರಿಂದ ಅವನನ್ನು ಕಾನೂನು ಮೊದಲು ನೆನೆಯುತ್ತದೆ. ಒಳಗಿನವರನ್ನು ನೆನೆಯಬೇಕಾದವರು ಒಳಗಿನವರೇ. ಇಲ್ಲಿ ಬಲಿಯಾಗುವುದು ದುಷ್ಟತನವಲ್ಲ, ದಾಕ್ಷಿಣ್ಯ. ಕಾಗದ ಕೇಳಿದರೆ ಅವನು ನೊಂದುಕೊಂಡಾನು ಎಂದು ಕೊಡುವವನು ಸುಮ್ಮನಿರುತ್ತಾನೆ. ವಿಮೆಯ ಮಾತೆತ್ತಿದರೆ ಅಪಶಕುನವೆಂದಾರು ಎಂದು ಒಯ್ಯುವವನು ಸುಮ್ಮನಿರುತ್ತಾನೆ. ಇಬ್ಬರ ಮೌನದ ನಡುವೆ ಕೀಲಿಕೈ ಕೈ ಬದಲಾಯಿಸುತ್ತದೆ.

ದಾಕ್ಷಿಣ್ಯದ ಬೆಲೆ ಕೊಟ್ಟವನಿಗೂ ತಪ್ಪಿದ್ದಲ್ಲ. ಲೈಸೆನ್ಸಿಲ್ಲದವನಿಗೆ ಗೊತ್ತಿದ್ದೂ ವಾಹನ ಕೊಟ್ಟರೆ ಹಾದಿಹೋಕನಿಗೆ ಕಂಪನಿ ಹಣ ಕೊಟ್ಟು, ಅಷ್ಟನ್ನೂ ಯಜಮಾನನಿಂದ ವಸೂಲು ಮಾಡಬಹುದು. 2004ರ ಸರ್ವೋಚ್ಚ ನ್ಯಾಯಾಲಯದ ತೀರ್ಪು ಈ ಹಾದಿಯನ್ನು ಗಟ್ಟಿಮಾಡಿತು. ಅಂಥವನಿಗೆ ಕೊಟ್ಟ ಯಜಮಾನನಿಗೆ, 2019ರ ತಿದ್ದುಪಡಿಯ ಬಳಿಕ, 5,000 ರೂಪಾಯಿ ದಂಡ ಅಥವಾ ಮೂರು ತಿಂಗಳವರೆಗೆ ಸೆರೆಮನೆ ಇಲ್ಲವೆ ಎರಡೂ ಆಗಬಹುದು. ಹದಿನೆಂಟು ತುಂಬದ ಹುಡುಗನು ನಡೆಸಿ ಅಪರಾಧವೆಸಗಿದರೆ ಪೋಷಕ ಅಥವಾ ಯಜಮಾನನೇ ತಪ್ಪಿತಸ್ಥನೆನಿಸಿ, ಮೂರು ವರ್ಷದವರೆಗಿನ ಸೆರೆ, 25,000 ರೂಪಾಯಿ ದಂಡಗಳಿಗೆ ಗುರಿಯಾಗುತ್ತಾನೆ. ಜಾತ್ರೆಯ ದಿನ ಸೋದರಳಿಯನು "ಒಂದೇ ಸುತ್ತು, ಮಾಮಾ" ಎಂದು ಕೈ ಚಾಚಿದಾಗ ಈ ಅಂಕೆಗಳು ನೆನಪಿಗೆ ಬಂದರೆ ಒಳ್ಳೆಯದು. ಮದುವೆಯ ದಿಬ್ಬಣಕ್ಕೆ ಖಾಸಗಿ ಕಾರನ್ನು ಹಣ ಪಡೆದು ಕಳಿಸಿದರೆ ಅದು ಬಾಡಿಗೆಯಾಗುತ್ತದೆ. ಖಾಸಗಿ ಕಾರಿನ ಪಾಲಿಸಿ ಬಾಡಿಗೆಯನ್ನು ಒಪ್ಪುವುದಿಲ್ಲ. ಇನ್ನು, ಮಾರಿದ ಕಾರನ್ನು ಹೆಸರು ಬದಲಿಸದೆ ಬಿಟ್ಟವನದು ಎಲ್ಲಕ್ಕಿಂತ ದೀರ್ಘವಾದ ಎರವಲು. ಪುಸ್ತಕದಲ್ಲಿ ಹೆಸರಿರುವವನೇ ಯಜಮಾನನೆಂದು 2018ರಲ್ಲಿ ಸರ್ವೋಚ್ಚ ನ್ಯಾಯಾಲಯ ಹೇಳಿದೆ. ಹಣ ಎಣಿಸಿಕೊಂಡು ಮರೆತ ಕಾರು ವರ್ಷಗಳ ನಂತರ ಸಮನ್ಸಿನ ರೂಪದಲ್ಲಿ ಮನೆಗೆ ಬಂದೀತು.

ಹಾಗೆಂದು ಕೀಲಿಕೈಯನ್ನು ಟ್ರಂಕಿನಲ್ಲಿಟ್ಟು ಬೀಗ ಹಾಕಬೇಕೇ? ಆ ರಾತ್ರಿ ಬೀಗ ಹಾಕಿದ್ದರೆ ಎದುರು ಮನೆಯ ತೊಟ್ಟಿಲು ಏನಾಗುತ್ತಿತ್ತೋ. ಮಾಸ್ತರರು ಹಿಡಿದದ್ದು ನಡುವಿನ ಹಾದಿ. ಮುಂದಿನ ಕಂತಿಗೆ ಸಮಗ್ರ ಪಾಲಿಸಿಯನ್ನೇ ಮಾಡಿಸಿದರು; ಕಾರಿನಲ್ಲಿ ಕುಳಿತವರಿಗೆ ಬೇರೆ ಅಪಘಾತ ವಿಮೆಯನ್ನೂ ಸೇರಿಸಿದರು. ಪಾಲಿಸಿಯ ಪ್ರತಿ, ನೋಂದಣಿಯ ಪ್ರತಿ, ಏಜೆಂಟರ ಸಂಖ್ಯೆ ಇವನ್ನು ಒಂದು ಲಕೋಟೆಯಲ್ಲಿಟ್ಟು ಕೀಲಿಕೈಯೊಡನೆ ಗೂಟಕ್ಕೆ ತೂಗುಹಾಕಿದರು. ಕೇಳಲು ಬಂದವರಿಗೆಲ್ಲ ಒಂದೇ ಪ್ರಶ್ನೆ: "ಲೈಸೆನ್ಸ್ ತೋರ್ಸು."

ಎದುರು ಮನೆಯ ಹುಡುಗ ಪೇಡೆ ತಂದ ದಿನ ಅವನನ್ನು ಕೂರಿಸಿಕೊಂಡು ಇನ್ನೊಂದು ಮಾತು ಹೇಳಿದರು. ಕಾರಿನ ವಿಮೆ ಕಾರಿನ ಬೆನ್ನಿಗೆ ಹೋಗುತ್ತದೆ. ಮನುಷ್ಯನ ಬೆನ್ನಿಗೆ ಬರತಕ್ಕದ್ದು ಅವನ ಹೆಸರಿನ ಅಪಘಾತ ವಿಮೆ ಮಾತ್ರ. ಅದು ಎತ್ತಿನ ಗಾಡಿಯಲ್ಲಿಯೂ ಬರುತ್ತದೆ, ಎರವಲು ಕಾರಿನಲ್ಲಿಯೂ ಬರುತ್ತದೆ. 2015ರಲ್ಲಿ ಆರಂಭವಾದ ಪ್ರಧಾನ ಮಂತ್ರಿ ಸುರಕ್ಷಾ ವಿಮೆಗೆ 18ರಿಂದ 70 ವಯಸ್ಸಿನವರು ಬ್ಯಾಂಕಿನ ಖಾತೆಯಿಂದಲೇ ಸೇರಬಹುದು. 2022ರಿಂದ ಅದರ ಕಂತು ವರ್ಷಕ್ಕೆ 20 ರೂಪಾಯಿ, ಅಪಘಾತದ ಸಾವಿಗೆ 2 ಲಕ್ಷ ರೂಪಾಯಿ. ಎರಡು ಲಕ್ಷದಿಂದ ಒಂದು ಸಂಸಾರ ನಡೆಯದು, ನಿಜ. ಮೇಲೆ ಮತ್ತೊಂದನ್ನು ಸೇರಿಸಿಕೊಳ್ಳಬಹುದು. ಆದರೆ ಒಂದು ಪ್ಲೇಟು ಮಿರ್ಚಿಯ ಬೆಲೆಗೆ ಸಿಗುವುದನ್ನು ಬಿಡುವುದಕ್ಕೆ ತಂದೆಯಾದವನಲ್ಲಿ ಏನು ಸಮಾಧಾನವಿದ್ದೀತು?

ಮೊದಮೊದಲು ಓಣಿಯಲ್ಲಿ ಮಾತಾಯಿತು. ಮಾಸ್ತರರು ಮುಪ್ಪಿನಲ್ಲಿ ಜಿಪುಣರಾದರು, ಪೊಲೀಸರಾದರು ಎಂದರು. ಒಬ್ಬರಿಬ್ಬರು ಮುನಿಸಿಕೊಂಡು ಮತ್ತೆ ಕೇಳಲು ಬರಲೇ ಇಲ್ಲ. ಮಾಸ್ತರರು ಅದನ್ನು ಸಹಿಸಿಕೊಂಡರು. ಪರೀಕ್ಷೆಯ ಕೋಣೆಯಲ್ಲಿ ಹುಡುಗರ ಕಿಸೆ ನೋಡಿದಾಗಲೂ ಇಂಥ ಮಾತು ಕೇಳಿದವರು ಅವರು.

ಮೊನ್ನೆ ಮಗುವಿನ ಜವಳದ ಹಿಂದಿನ ದಿನ ಎದುರು ಮನೆಯ ಹುಡುಗ ಮತ್ತೆ ಬಂದನು. ಬಾಯಿ ತೆರೆಯುವ ಮೊದಲೇ ಅಂಗಿಯ ಕಿಸೆಯಿಂದ ಲೈಸೆನ್ಸನ್ನು ತೆಗೆದು ಮುಂದೆ ಹಿಡಿದನು. ಅದರ ಹಿಂದೆಯೇ ಬ್ಯಾಂಕಿನ ವಿಮೆಯ ಚೀಟಿ. ಮಾಸ್ತರರು ಕನ್ನಡಕ ಹಾಕಿಕೊಂಡು ಎರಡನ್ನೂ ಮೊದಲ ಅಕ್ಷರದಿಂದ ಕೊನೆಯ ತಾರೀಖಿನವರೆಗೆ ಓದಿ, ಮರಳಿಸಿ, ಗೂಟದ ಮೇಲಿನ ಕೀಲಿಕೈಯನ್ನೂ ಲಕೋಟೆಯನ್ನೂ ಅವನ ಕೈಗಿತ್ತರು. ಎಲ್ಲವೂ ಸರಿಯಾಗಿತ್ತು. ಆದರೂ ಆ ರಾತ್ರಿ ಬೇವಿನ ಮರದ ಕೆಳಗೆ ಕಾರು ಬಂದು ನಿಂತ ಸದ್ದು ಕೇಳುವವರೆಗೆ ಅವರು ಮಲಗಲಿಲ್ಲ. ಅಷ್ಟು ಕಳವಳ ಎರವಲು ಕೊಟ್ಟವನ ಪಾಲಿಗೆ ಉಳಿದೇ ಉಳಿಯುತ್ತದೆ. ಅದನ್ನು ಹೊರುವ ಕಂಪನಿ ಇನ್ನೂ ಹುಟ್ಟಿಲ್ಲ.